ರೋಹಿತದ ರೇಖೆಗಳಿಗೆಲ್ಲ ಒಂದೇ ಅಗಲವೆಂಬ ಮತದ ಖಂಡನೆ

ವಸ್ತುಗಳು ಬೆಳಕನ್ನು ಹೀರುವ ಬಗೆಯನ್ನು ಗಣಕದ ನೆರವಿನಿಂದ ಲೆಕ್ಕಹಾಕಿ, ಆ ಹೀರಿಕೆಯ ರೋಹಿತವನ್ನು ಪ್ರಕಟಿಸುವವರ ನಡುವೆ ಒಂದು ಮತವು ಬಹುಕಾಲದಿಂದ ಪ್ರಶ್ನೆಯಿಲ್ಲದೆ ನಡೆದುಬಂದಿದೆ. ಎಲೆಕ್ಟ್ರಾನುಗಳು ಯಾವ ಶಕ್ತಿಯ ಬೆಳಕನ್ನು ಎಷ್ಟು ಬಲವಾಗಿ ಹೀರುತ್ತವೆ ಎಂಬುದನ್ನು ಕ್ವಾಂಟಮ್ ಸಿದ್ಧಾಂತದಿಂದ ಕಂಡುಕೊಂಡಲ್ಲಿಗೆ ಭೌತವಿಜ್ಞಾನದ ಕೆಲಸ ಮುಗಿಯುತ್ತದೆ, ಅನಂತರ 0.1 ಅಥವಾ 0.3 ಎಲೆಕ್ಟ್ರಾನ್ ವೋಲ್ಟ್‌ನಂತಹ ಒಂದು ಅಗಲವನ್ನು ಆರಿಸಿಕೊಂಡು, ಅದನ್ನೇ ರೋಹಿತದ ಆದಿಯಿಂದ ಅಂತ್ಯದವರೆಗೆ ಎಲ್ಲ ರೇಖೆಗಳಿಗೂ ಕೊಟ್ಟು, ಪ್ರಯೋಗದಲ್ಲಿ ಕಾಣುವಂತಹ ನುಣುಪಾದ ವಕ್ರರೇಖೆಯನ್ನು ಎಳೆಯುವುದು ಕೇವಲ ಪ್ರದರ್ಶನದ ಅನುಕೂಲಕ್ಕೆ ಸಂಬಂಧಿಸಿದ್ದು ಎಂಬುದೇ ಆ ಮತ. ಇಲ್ಲಿ ಅದನ್ನು ಮೂರು ನೆಲೆಗಳಲ್ಲಿ ನಿರಾಕರಿಸಲಾಗಿದೆ. ರೇಖೆಯ ಅಗಲವು ಅದರ ಸ್ಥಾನ ಮತ್ತು ಬಲಗಳಷ್ಟೇ ಭೌತಿಕವಾದ ಗುಣ. ಆ ಅಗಲವು ಶಕ್ತಿಯೊಂದಿಗೆ ಬದಲಾಗುತ್ತದೆ. ಬದಲಾಗುವುದನ್ನು ಬದಲಾಗದೆಂದು ಭಾವಿಸಿ ಎಳೆದ ವಕ್ರರೇಖೆಯು ವಸ್ತುವಿನ ಬಗ್ಗೆ ಸುಳ್ಳು ಹೇಳುತ್ತದೆ.

ಮೊದಲಿಗೆ ಈ ಕ್ರಿಯೆಯ ಸ್ವರೂಪವನ್ನು ಗಮನಿಸಬೇಕು. ಲೆಕ್ಕದಿಂದ ನೇರವಾಗಿ ದೊರೆಯುವುದು ಕಡ್ಡಿಗಳ ಒಂದು ಸಾಲು. ಪ್ರತಿ ಕಡ್ಡಿಯ ಸ್ಥಾನವು ಒಂದು ಸಂಕ್ರಮಣದ ಶಕ್ತಿಯನ್ನು, ಅಂದರೆ ಎಲೆಕ್ಟ್ರಾನು ಒಂದು ಸ್ಥಿತಿಯಿಂದ ಮೇಲಿನ ಇನ್ನೊಂದಕ್ಕೆ ಏರಲು ಬೇಕಾದ ಶಕ್ತಿಯನ್ನು ಸೂಚಿಸಿದರೆ, ಅದರ ಎತ್ತರವು ಆ ಸಂಕ್ರಮಣದ ಬಲವನ್ನು ಸೂಚಿಸುತ್ತದೆ. ಈ ಕಡ್ಡಿಗಳನ್ನು ಗಂಟೆಯಾಕಾರದ ದಿಬ್ಬಗಳನ್ನಾಗಿ ಹರಡಿ, ದಿಬ್ಬಗಳನ್ನೆಲ್ಲ ಕೂಡಿಸುವ ಕ್ರಿಯೆಗೆ ಅಗಲೀಕರಣವೆಂದು ಹೆಸರು. ದಿಬ್ಬದ ಆಕಾರಕ್ಕೆ ಸಾಮಾನ್ಯವಾಗಿ ಎರಡು ಆಯ್ಕೆಗಳಿವೆ: ಬುಡದಲ್ಲಿ ಬೇಗನೆ ಸೊನ್ನೆಗಿಳಿಯುವ ಗೌಸಿಯನ್, ಮತ್ತು ದೂರದವರೆಗೂ ಬಾಲ ಚಾಚುವ ಲೊರೆಂಟ್ಸಿಯನ್. ಸ್ಥಿರ ಅಗಲದ ಪದ್ಧತಿಯು ಎಲ್ಲ ಕಡ್ಡಿಗಳನ್ನೂ ಒಂದೇ ಅಳತೆಯಲ್ಲಿ ಹರಡಿದರೆ, ಶಕ್ತ್ಯವಲಂಬಿ ಅಗಲೀಕರಣವು ಪ್ರತಿ ಕಡ್ಡಿಗೂ ಅದರ ಶಕ್ತಿಗೆ ಅಥವಾ ಅದು ತಲುಪುವ ಸ್ಥಿತಿಗೆ ತಕ್ಕ ಅಗಲವನ್ನು ಕೊಡುತ್ತದೆ.

ಸ್ಥಿರ ಅಗಲದ ಪಕ್ಷದಲ್ಲಿ ಹೇಳುವ ಮಾತುಗಳನ್ನು ಅವುಗಳ ಅತ್ಯಂತ ಬಲವಾದ ರೂಪದಲ್ಲಿಯೇ ಎದುರಿಸುವುದು ನ್ಯಾಯ. ಒಂದೇ ಸಂಖ್ಯೆಯಾದುದರಿಂದ ಅದನ್ನು ಮರೆಮಾಚಲಾಗದು, ಯಾರು ಬೇಕಾದರೂ ಪುನರಾವರ್ತಿಸಿ ನೋಡಬಹುದು ಎಂಬುದು ಮೊದಲನೆಯ ಮಾತು. ಅಳೆಯುವ ಉಪಕರಣದ ಸೂಕ್ಷ್ಮತೆಗೂ ಒಂದು ಮಿತಿಯಿರುವುದರಿಂದ ಪ್ರಯೋಗದ ವಕ್ರರೇಖೆಯೂ ಹಾಗೆಯೇ ಮಸುಕಾಗಿರುತ್ತದೆ ಎಂಬುದು ಎರಡನೆಯದು. ಅಗಲವನ್ನು ಶಕ್ತಿಯೊಂದಿಗೆ ಬದಲಾಗಲು ಬಿಟ್ಟರೆ ಯಾವ ತಪ್ಪು ಲೆಕ್ಕವನ್ನಾದರೂ ಪ್ರಯೋಗಕ್ಕೆ ಹೊಂದಿಸಿ ತೋರಿಸಬಹುದು, ಆದ್ದರಿಂದ ಪ್ರಾಮಾಣಿಕತೆಯ ದೃಷ್ಟಿಯಿಂದ ಸ್ಥಿರ ಅಗಲವೇ ಲೇಸು ಎಂಬುದು ಮೂರನೆಯದು. ಇವುಗಳಲ್ಲಿ ಮೂರನೆಯದು ಮಾತ್ರ ಗಂಭೀರವಾದ ಆಕ್ಷೇಪ.

ಅಗಲ ಬರುವುದು ಎಲ್ಲಿಂದ ಎಂಬ ಪ್ರಶ್ನೆಯನ್ನು ಕೇಳಿದ ಕೂಡಲೇ ಸ್ಥಿರ ಅಗಲದ ಕಲ್ಪನೆ ಸಡಿಲವಾಗುತ್ತದೆ. ಮೇಲೇರಿದ ಎಲೆಕ್ಟ್ರಾನು ಆ ಸ್ಥಿತಿಯಲ್ಲಿ ಎಷ್ಟು ಕಾಲ ಉಳಿಯುತ್ತದೆ ಎಂಬುದು ಅದರ ಜೀವಿತಾವಧಿ. ಜೀವಿತಾವಧಿ ಕಿರಿದಾದಷ್ಟೂ ರೇಖೆ ಅಗಲವಾಗುತ್ತದೆ, ಮತ್ತು ಇವೆರಡರ ಗುಣಲಬ್ಧವು ಸುಮಾರು 0.66 ಎಲೆಕ್ಟ್ರಾನ್ ವೋಲ್ಟ್-ಫೆಮ್ಟೊಸೆಕೆಂಡ್ ಆಗಿರುತ್ತದೆ. ಫೆಮ್ಟೊಸೆಕೆಂಡ್ ಎಂದರೆ ಸೆಕೆಂಡಿನ ಸಾವಿರ ಲಕ್ಷಕೋಟಿಯ ಒಂದು ಪಾಲು. ಹಾಗಾಗಿ ರೋಹಿತದ ಉದ್ದಕ್ಕೂ 0.1 ಎಲೆಕ್ಟ್ರಾನ್ ವೋಲ್ಟ್ ಅಗಲದ ಲೊರೆಂಟ್ಸಿಯನ್ ಬಳಸುವವರು, ತಾವು ಹಾಗೆ ಹೇಳುತ್ತಿಲ್ಲವೆಂದು ಭಾವಿಸಿದರೂ, ಆ ವಸ್ತುವಿನ ಪ್ರತಿಯೊಂದು ಉದ್ರಿಕ್ತ ಸ್ಥಿತಿಯೂ 6.6 ಫೆಮ್ಟೊಸೆಕೆಂಡುಗಳಲ್ಲಿ ಅಳಿಯುತ್ತದೆ ಎಂದು ಸಾರುತ್ತಿದ್ದಾರೆ. ಅದು ಅನುಕೂಲಕ್ಕಾಗಿ ಮಾಡಿದ ಅಲಂಕಾರವಾಗಿ ಉಳಿಯದೆ, ವಸ್ತುವಿನ ಬಗ್ಗೆ ಮಾಡಿದ ಒಂದು ಹೇಳಿಕೆಯಾಗುತ್ತದೆ. ಬಹುತೇಕ ಸಂದರ್ಭಗಳಲ್ಲಿ ಆ ಹೇಳಿಕೆ ತಪ್ಪು.

ತಪ್ಪು ಏಕೆಂದರೆ, ಎಲೆಕ್ಟ್ರಾನಿಗೆ ಶಕ್ತಿಯನ್ನು ಕಳೆದುಕೊಳ್ಳಲು ಇರುವ ದಾರಿಗಳು ಅದರ ಬಳಿ ಇರುವ ಶಕ್ತಿಯನ್ನೇ ಅವಲಂಬಿಸಿವೆ. ಅರೆವಾಹಕದ ವಾಹಕ ಪಟ್ಟಿಯ ತಳದಲ್ಲಿ ಕುಳಿತ ಎಲೆಕ್ಟ್ರಾನಿಗೆ, ತಂಪು ಸ್ಫಟಿಕದಲ್ಲಿ, ಇಳಿಯಲು ಕೆಳಗೆ ಸ್ಥಿತಿಗಳೇ ಇರುವುದಿಲ್ಲ. ಅದು ಸ್ಫಟಿಕದ ಕಂಪನದ ಕ್ವಾಂಟಮ್ ಆದ ಫೋನಾನನ್ನು, ಅದರಲ್ಲಿಯೂ ಗ್ಯಾಲಿಯಮ್ ಆರ್ಸೆನೈಡಿನಲ್ಲಿ 36 ಮಿಲಿ ಎಲೆಕ್ಟ್ರಾನ್ ವೋಲ್ಟ್ ಬೆಲೆಯ ದೃಕ್ ಫೋನಾನನ್ನು, ಹೊರಸೂಸಬೇಕಾದರೆ ಪಟ್ಟಿಯ ತಳಕ್ಕಿಂತ ಅಷ್ಟಾದರೂ ಮೇಲಿರಬೇಕು. ಇನ್ನೂ ಮೇಲೆ ಹೋಗಿ, ಅದರ ಹೆಚ್ಚುವರಿ ಶಕ್ತಿಯು ನಿಷಿದ್ಧ ಅಂತರದ ಶಕ್ತಿಯನ್ನು, ಅಂದರೆ ತುಂಬಿದ ಪಟ್ಟಿಗೂ ಖಾಲಿ ಪಟ್ಟಿಗೂ ನಡುವಿನ ದೂರವನ್ನು, ಮೀರಿದ ಮೇಲೆ ಮಾತ್ರ ಇನ್ನೊಂದು ಎಲೆಕ್ಟ್ರಾನನ್ನು ಗುದ್ದಿ ಮೇಲಕ್ಕೆ ಎಬ್ಬಿಸುವ ದಾರಿಯೂ ತೆರೆಯುತ್ತದೆ. ಲೋಹಗಳಲ್ಲಿ ಇಂತಹ ಹೊಸ್ತಿಲಿಲ್ಲದಿದ್ದರೂ ನಿಯಮವಿದೆ: ಕ್ವಿನ್ ಮತ್ತು ಫೆರೆಲ್ 1958ರಲ್ಲಿ ತೋರಿಸಿದಂತೆ, ಎಲೆಕ್ಟ್ರಾನುಗಳ ಪರಸ್ಪರ ಘರ್ಷಣೆಯಿಂದ ಬರುವ ಅಗಲವು ತುಂಬಿದ ಸ್ಥಿತಿಗಳ ಮೇಲಂಚಾದ ಫರ್ಮಿ ಮಟ್ಟದಿಂದ ಇರುವ ದೂರದ ವರ್ಗದಂತೆ ಬೆಳೆಯುತ್ತದೆ. ಹೀಗೆ ಅಗಲವು ಎಲ್ಲೆಡೆ ಒಂದೇ ಆಗಿರುವ ವಸ್ತುವನ್ನು ನಿಸರ್ಗದಲ್ಲಿ ಹುಡುಕುವುದು ವ್ಯರ್ಥ.

ಗ್ಯಾಲಿಯಮ್ ಆರ್ಸೆನೈಡನ್ನೇ ಇನ್ನಷ್ಟು ಹತ್ತಿರದಿಂದ ನೋಡಿದರೆ ವಾದ ಸ್ಪಷ್ಟವಾಗುತ್ತದೆ. ಅದರ ಹೀರಿಕೆಯ ಅಂಚಿನಲ್ಲಿ, ಕಡಿಮೆ ತಾಪದಲ್ಲಿ 1.52 ಎಲೆಕ್ಟ್ರಾನ್ ವೋಲ್ಟ್ ಆಸುಪಾಸಿನಲ್ಲಿ, ಎಕ್ಸಿಟಾನಿನ ಚೂಪಾದ ಶಿಖರವಿದೆ. ಎಕ್ಸಿಟಾನ್ ಎಂದರೆ ಮೇಲೇರಿದ ಎಲೆಕ್ಟ್ರಾನೂ ಅದು ಬಿಟ್ಟುಹೋದ ರಂಧ್ರವೂ ಪರಸ್ಪರ ಸೆಳೆತದಿಂದ ಬಂಧಿತವಾದ ಜೋಡಿ. ಸ್ಟರ್ಜ್ 1962ರಲ್ಲಿ ಪ್ರಕಟಿಸಿದ ಅಳತೆಗಳಲ್ಲಿ ಈ ಶಿಖರ ನಿಚ್ಚಳವಾಗಿ ಕಾಣುತ್ತದೆ. ಜೋಡಿಯ ಬಂಧನಶಕ್ತಿ ಸುಮಾರು 4 ಮಿಲಿ ಎಲೆಕ್ಟ್ರಾನ್ ವೋಲ್ಟ್ ಮಾತ್ರ. ಅದೇ ಸ್ಫಟಿಕದ ರೋಹಿತದಲ್ಲಿ 5 ಎಲೆಕ್ಟ್ರಾನ್ ವೋಲ್ಟ್ ಆಸುಪಾಸಿನಲ್ಲಿರುವ ದೊಡ್ಡ ಶಿಖರದ ಹಿಂದಿನ ಸಂಕ್ರಮಣಗಳ ಅಗಲವು ಕೋಣೆಯ ತಾಪದಲ್ಲಿ 0.1 ಎಲೆಕ್ಟ್ರಾನ್ ವೋಲ್ಟಿನ ಮಟ್ಟದ್ದು. ಮೇಲಿನ ಶಿಖರಕ್ಕೆ ತಕ್ಕ ಅಗಲವನ್ನು ಎಲ್ಲೆಡೆ ಹಚ್ಚಿದರೆ, ಬಂಧನಶಕ್ತಿಗಿಂತ ಇಪ್ಪತ್ತು ಪಟ್ಟು ಮಿಕ್ಕಿದ ಆ ಅಗಲದಲ್ಲಿ ಎಕ್ಸಿಟಾನು ಹೆಸರಿಲ್ಲದೆ ಅಳಿಸಿಹೋಗುತ್ತದೆ. ಅಂಚಿಗೆ ತಕ್ಕ ಅಗಲವನ್ನು ಎಲ್ಲೆಡೆ ಹಚ್ಚಿದರೆ, ಮೇಲಿನ ಶಿಖರವು ನಿಜವಾಗಿ ಇಲ್ಲದ ನೂರಾರು ಮುಳ್ಳುಗಳಾಗಿ ಒಡೆಯುತ್ತದೆ. ರಾಗಿಯನ್ನೂ ಜೋಳವನ್ನೂ ಒಂದೇ ಜರಡಿಯಲ್ಲಿ ಜಾಲಿಸಲು ಹೊರಟವರಿಗೆ ಆಗುವ ನಷ್ಟವೇ ಇಲ್ಲಿಯೂ ಆಗುತ್ತದೆ: ಯಾವ ಕಣ್ಣಿನ ಜರಡಿಯನ್ನು ಆರಿಸಿದರೂ ಒಂದು ಧಾನ್ಯ ಕೈತಪ್ಪುತ್ತದೆ.

ಈ ನಷ್ಟವು ಚಿತ್ರದ ಅಂದಕ್ಕೆ ಮಾತ್ರ ಸೀಮಿತವಲ್ಲವೆಂಬುದಕ್ಕೆ ಸಿಲಿಕಾನ್ ಸಾಕ್ಷಿ. ಸಿಲಿಕಾನಿನ ನಿಷಿದ್ಧ ಅಂತರ ಕೋಣೆಯ ತಾಪದಲ್ಲಿ 1.12 ಎಲೆಕ್ಟ್ರಾನ್ ವೋಲ್ಟ್ ಆದರೂ, ಅದು ಪರೋಕ್ಷ ಅಂತರವಾದುದರಿಂದ, ಅಂದರೆ ಫೋನಾನಿನ ನೆರವಿಲ್ಲದೆ ಎಲೆಕ್ಟ್ರಾನು ಅಲ್ಲಿ ಜಿಗಿಯಲಾಗದುದರಿಂದ, ನೇರ ಸಂಕ್ರಮಣಗಳು 3 ಎಲೆಕ್ಟ್ರಾನ್ ವೋಲ್ಟಿನ ಮೇಲಷ್ಟೇ ಆರಂಭವಾಗುತ್ತವೆ. ಪ್ರಬಲ ಶಿಖರಗಳು 3.4 ಮತ್ತು 4.3 ಎಲೆಕ್ಟ್ರಾನ್ ವೋಲ್ಟ್ ಆಸುಪಾಸಿನಲ್ಲಿವೆ. ನೇರ ಸಂಕ್ರಮಣಗಳನ್ನಷ್ಟೇ ಎಣಿಸಿದ ಲೆಕ್ಕದಲ್ಲಿ 1.5 ಎಲೆಕ್ಟ್ರಾನ್ ವೋಲ್ಟಿನ ಹೀರಿಕೆ ಸೊನ್ನೆಯಾಗಿರಬೇಕು. ಆದರೆ ಆ ಪ್ರಬಲ ಶಿಖರಗಳಿಗೆ ಅರ್ಧದಗಲ 0.1 ಎಲೆಕ್ಟ್ರಾನ್ ವೋಲ್ಟ್ ಇರುವ ಲೊರೆಂಟ್ಸಿಯನ್ ಹಚ್ಚಿದರೆ, ಅವುಗಳ ಬಾಲಗಳೇ ಅಲ್ಲಿ ಸೆಂಟಿಮೀಟರಿಗೆ ಹಲವು ಸಾವಿರದಷ್ಟು ಹೀರಿಕೆಯನ್ನು ಹುಟ್ಟಿಸುತ್ತವೆ ಎಂದು ಸ್ಥೂಲ ಲೆಕ್ಕವೂ ತೋರಿಸಿಕೊಡುತ್ತದೆ. ನಿಜವಾದ ಸಿಲಿಕಾನಿನಲ್ಲಿ, ಫೋನಾನಿನ ನೆರವಿನಿಂದ ಅಲ್ಲಿ ನಡೆಯುವ ಹೀರಿಕೆಯು ಸೆಂಟಿಮೀಟರಿಗೆ ಒಂದು ಸಾವಿರಕ್ಕೂ ಕಡಿಮೆ. ಇಲ್ಲದ ಹೀರಿಕೆಯು ಇರುವ ಹೀರಿಕೆಯನ್ನು ಹಲವು ಪಟ್ಟು ಮೀರಿಸಿದ ಈ ವಕ್ರರೇಖೆಯನ್ನು ನಂಬಿ ಸೌರಕೋಶದ ದಪ್ಪವನ್ನು ನಿರ್ಧರಿಸಿದರೆ, ಹತ್ತು ಮೈಕ್ರೊಮೀಟರಿಗೂ ಹೆಚ್ಚು ದಪ್ಪ ಬೇಕಾದಲ್ಲಿ ಎರಡು ಮೂರು ಮೈಕ್ರೊಮೀಟರು ಸಾಕೆಂಬ ತೀರ್ಮಾನಕ್ಕೆ ಬರಬೇಕಾಗುತ್ತದೆ. ಇನ್ನೂ ದೊಡ್ಡ ಹಾನಿಯೆಂದರೆ, ಅಲ್ಲಿ ಸ್ವಲ್ಪ ಹೀರಿಕೆ ಕಂಡಿತೆಂಬ ಸಮಾಧಾನವು ನಿಜವಾದ ಕಾರಣವನ್ನು ಹುಡುಕುವ ಅಗತ್ಯವನ್ನೇ ಮರೆಸುತ್ತದೆ. ಸಿಲಿಕಾನಿನ ಫೋನಾನ್-ಸಹಾಯದ ಹೀರಿಕೆಯನ್ನು ಮೂಲತತ್ತ್ವಗಳಿಂದಲೇ ಲೆಕ್ಕಹಾಕಬಹುದೆಂದು ನಾಫ್‌ಸಿಂಗರ್ ಮತ್ತು ಸಂಗಡಿಗರು 2012ರಲ್ಲಿ ತೋರಿಸಿದ್ದಾರೆ. ಆ ಶ್ರಮಕ್ಕೆ ಬಾಲದ ಮಸುಕು ಬದಲಿಯಾಗಲಾರದು. ಹೀಗೆ ಮಸುಕುಗೊಳಿಸಿದ ವಕ್ರರೇಖೆಯ ಅಂಚಿನಿಂದ, ಪ್ರಯೋಗಶಾಲೆಯಲ್ಲಿ ಮಾಡುವಂತೆ, ಸರಳರೇಖೆ ಎಳೆದು ನಿಷಿದ್ಧ ಅಂತರವನ್ನು ಓದುವ ರೂಢಿಯಂತೂ ಲೆಕ್ಕದಲ್ಲಿ ಮೊದಲೇ ಗೊತ್ತಿರುವ ಸಂಖ್ಯೆಯನ್ನು ಕೆಡಿಸಿ ಮತ್ತೆ ಪಡೆಯುವ ನಿಷ್ಫಲ ಕೆಲಸ.

ಅಂಚಿನ ಕೆಳಗೆ ಈ ಅನರ್ಥವಾದರೆ, ರೋಹಿತದ ಮೇಲ್ತುದಿಯಲ್ಲಿ ವಿರುದ್ಧವಾದ ಅನರ್ಥ. ಅಲ್ಲಿ ಎಲೆಕ್ಟ್ರಾನು ತಲುಪುವ ಸ್ಥಿತಿಗಳು ನಿಜದಲ್ಲಿ ಅಖಂಡವಾಗಿ ಹರಡಿಕೊಂಡಿದ್ದರೂ, ಗಣಕವು ಸೀಮಿತ ಸಂಖ್ಯೆಯ ಆಧಾರಫಲನಗಳನ್ನೋ ಸೀಮಿತ ಗಾತ್ರದ ಪೆಟ್ಟಿಗೆಯನ್ನೋ ಬಳಸುವುದರಿಂದ ಅವು ಬಿಡಿಬಿಡಿಯಾದ ಕಡ್ಡಿಗಳಾಗಿ ಹೊರಬರುತ್ತವೆ. ಕಿರಿದಾದ ಸ್ಥಿರ ಅಗಲವು ಈ ಕೃತಕ ಕಡ್ಡಿಗಳನ್ನು ಶಿಖರಗಳೆಂದು ಮೆರೆಸುತ್ತದೆ, ಮತ್ತು ಓದುಗರು ಅವುಗಳಿಗೆ ಅರ್ಥ ಹುಡುಕತೊಡಗುತ್ತಾರೆ. ಕ್ಷ-ಕಿರಣ ಹೀರಿಕೆಯನ್ನು ಅಭ್ಯಾಸ ಮಾಡುವವರು ಈ ಪಾಠವನ್ನು ದಶಕಗಳ ಹಿಂದೆಯೇ ಕಲಿತಿದ್ದಾರೆ. ಪರಮಾಣುವಿನ ಒಳಗಿನ ಕವಚದಲ್ಲಿ ಉಂಟಾದ ರಂಧ್ರವು ತನ್ನ ಜೀವಿತಾವಧಿಗೆ ತಕ್ಕ ಒಂದು ನಿಗದಿತ ಅಗಲವನ್ನು ಕೊಡುತ್ತದೆ. ಟೈಟೇನಿಯಮ್ಮಿನ ಅತ್ಯಂತ ಒಳಗಿನ ಕವಚಕ್ಕೆ, ಕ್ರೌಸ್ ಮತ್ತು ಆಲಿವರ್ 1979ರಲ್ಲಿ ಕೊಟ್ಟ ಪಟ್ಟಿಯಂತೆ, ಅದು 0.94 ಎಲೆಕ್ಟ್ರಾನ್ ವೋಲ್ಟ್. ಅದರ ಮೇಲೆ, ಹೊರಹೊಮ್ಮಿದ ಎಲೆಕ್ಟ್ರಾನು ಇತರ ಎಲೆಕ್ಟ್ರಾನುಗಳಿಗೆ ಡಿಕ್ಕಿಹೊಡೆದು ಶಕ್ತಿ ಕಳೆದುಕೊಳ್ಳುವುದರಿಂದ ಬರುವ ಇನ್ನೊಂದು ಅಗಲವನ್ನು ಕೂಡಿಸಬೇಕು. ಇದು ಅಂಚಿನ ಬಳಿ ಅತ್ಯಲ್ಪವಾಗಿದ್ದು, ಎಲೆಕ್ಟ್ರಾನುಗಳ ಸಾಮೂಹಿಕ ಕಂಪನವಾದ ಪ್ಲಾಸ್ಮಾನನ್ನು ಎಬ್ಬಿಸುವಷ್ಟು ಶಕ್ತಿ ಒದಗಿದ ಕೂಡಲೇ ವೇಗವಾಗಿ ಏರುತ್ತದೆ. ಅಂಚಿನಿಂದ ಮೇಲಿನ ಶಕ್ತಿಯ ಹತ್ತನೆಯ ಒಂದು ಪಾಲಿನಷ್ಟು ಅಗಲ ಎಂಬ ಸರಳ ನಿಯಮದಿಂದ ಹಿಡಿದು ಪೂರ್ಣ ಸ್ವಶಕ್ತಿಯ, ಅಂದರೆ ಸುತ್ತಲಿನ ಎಲೆಕ್ಟ್ರಾನುಗಳ ಪ್ರತಿಕ್ರಿಯೆಯಿಂದ ಎಲೆಕ್ಟ್ರಾನಿನ ಶಕ್ತಿಯಲ್ಲಾಗುವ ಬದಲಾವಣೆಯ, ಲೆಕ್ಕದವರೆಗೆ ಆ ಕ್ಷೇತ್ರದಲ್ಲಿ ಬಳಕೆಯಲ್ಲಿರುವ ಹಲವು ವಿಧಾನಗಳು ಶಕ್ತಿಯನ್ನು ಅವಲಂಬಿಸಿದವು. ಕ್ಷ-ಕಿರಣದ ಎಲೆಕ್ಟ್ರಾನಿಗೆ ಒಪ್ಪಿಕೊಂಡ ನಿಯಮವನ್ನು ಬೆಳಕು ಎಬ್ಬಿಸಿದ ಎಲೆಕ್ಟ್ರಾನಿಗೆ ನಿರಾಕರಿಸಲು ಯಾವ ತಾತ್ತ್ವಿಕ ಕಾರಣವೂ ಇಲ್ಲ.

ಉಪಕರಣದ ಮಿತಿಯನ್ನು ಮುಂದಿಟ್ಟ ವಾದವು ಪರೀಕ್ಷೆಗೆ ನಿಲ್ಲದೆ ಎದುರು ಪಕ್ಷಕ್ಕೇ ಸಾಕ್ಷಿಯಾಗುತ್ತದೆ. ಸೀಳುಗಂಡಿಯ ಅಗಲವನ್ನು ಬದಲಿಸದೆ ನಡೆಸುವ ಸಾಮಾನ್ಯ ರೋಹಿತಮಾಪಕದಲ್ಲಿ ಬಹುಮಟ್ಟಿಗೆ ಸ್ಥಿರವಾಗಿರುವುದು ತರಂಗಾಂತರದ ಮಸುಕು. ಅದನ್ನು ಶಕ್ತಿಗೆ ಪರಿವರ್ತಿಸಿದರೆ, ಶಕ್ತಿಯ ವರ್ಗದಂತೆ ಬೆಳೆಯುವ ಅಗಲ ದೊರೆಯುತ್ತದೆ: 1 ನ್ಯಾನೊಮೀಟರಿನ ಮಸುಕು 800 ನ್ಯಾನೊಮೀಟರಿನಲ್ಲಿ ಸುಮಾರು 2 ಮಿಲಿ ಎಲೆಕ್ಟ್ರಾನ್ ವೋಲ್ಟ್, 200 ನ್ಯಾನೊಮೀಟರಿನಲ್ಲಿ 31 ಮಿಲಿ ಎಲೆಕ್ಟ್ರಾನ್ ವೋಲ್ಟ್. ಹದಿನಾರು ಪಟ್ಟು ಅಂತರವಿರುವಲ್ಲಿ ಉಪಕರಣವನ್ನು ಅನುಕರಿಸುತ್ತೇವೆಂದು ಹೇಳಿಕೊಂಡು ಸ್ಥಿರ ಅಗಲವನ್ನು ಬಳಸುವುದು ಉಪಕರಣದ ಸ್ವಭಾವವನ್ನು ತಿಳಿಯದೆ ಅದರ ಹೆಸರನ್ನು ಎರವಲು ಪಡೆದಂತೆ. ಜೊತೆಗೆ, ಘನವಸ್ತುಗಳ ಅಗಲವಾದ ಶಿಖರಗಳಲ್ಲಿ ಉಪಕರಣದ ಪಾಲು ಅತ್ಯಲ್ಪ. ಲೌಟೆನ್‌ಶ್ಲೇಗರ್, ಕಾರ್ಡೊನಾ ಮತ್ತು ಸಂಗಡಿಗರು 1987ರಲ್ಲಿ ಸಿಲಿಕಾನನ್ನು 30 ಕೆಲ್ವಿನ್‌ನಿಂದ 820 ಕೆಲ್ವಿನ್‌ವರೆಗೆ ಅಭ್ಯಾಸ ಮಾಡಿದಾಗ, ತಾಪ ಏರಿದಂತೆ ಶಿಖರಗಳು ಅಗಲವಾಗುತ್ತ ಹೋದವು. ಉಪಕರಣವು ಅದೇ ಆಗಿದ್ದು ಸ್ಫಟಿಕದ ತಾಪ ಮಾತ್ರ ಬದಲಾದಾಗ ಅಗಲವೂ ಬದಲಾಗುವುದಾದರೆ, ಆ ಅಗಲವು ಸ್ಫಟಿಕಕ್ಕೆ ಸೇರಿದ್ದು.

ಅಣುಗಳ ರೋಹಿತಗಳಲ್ಲಿ ಈ ವಿಷಯ ಇನ್ನಷ್ಟು ಸಂಕೀರ್ಣವಾಗುತ್ತದೆ, ಮತ್ತು ಅಲ್ಲಿ ಸ್ಥಿರ ಅಗಲದ ಪದ್ಧತಿಯು ಇನ್ನಷ್ಟು ಬಡವಾಗುತ್ತದೆ. ಬೆಂಜೀನಿನ ಮೊದಲ ಏಕಕ ಉದ್ರಿಕ್ತ ಸ್ಥಿತಿಯು ಆವಿರೂಪದಲ್ಲಿ ಹತ್ತಾರು ನ್ಯಾನೊಸೆಕೆಂಡು ಬಾಳುವುದರಿಂದ, 260 ನ್ಯಾನೊಮೀಟರ್ ಆಸುಪಾಸಿನ ಅದರ ಪಟ್ಟೆಯು ಕಂಪನದ ಚೂಪಾದ ಮೆಟ್ಟಿಲುಗಳಿಂದ ಕೂಡಿದೆ. ಅದರ ಮೇಲಿನ ಸ್ಥಿತಿಯು ಹತ್ತಾರು ಫೆಮ್ಟೊಸೆಕೆಂಡುಗಳಲ್ಲಿಯೇ ಕರಗುವುದರಿಂದ, 200 ನ್ಯಾನೊಮೀಟರ್ ಆಸುಪಾಸಿನ ಪಟ್ಟೆ ಮಬ್ಬಾಗಿದೆ. ಜೀವಿತಾವಧಿಯಲ್ಲಿ ಲಕ್ಷಗಟ್ಟಲೆ ಪಟ್ಟು ಅಂತರವಿರುವ ಈ ಎರಡು ಪಟ್ಟೆಗಳಿಗೆ ಒಂದೇ ಗೌಸಿಯನ್ ತೊಡಿಸುವುದು ಸಮರ್ಥನೆಗೆ ನಿಲುಕದ ನಡೆ. ಇದೇ ಬೆಂಜೀನಿನ ಮೊದಲ ಪಟ್ಟೆ ಸಮಮಿತಿಯ ನಿಯಮದಿಂದ ನಿಷಿದ್ಧವಾಗಿದ್ದು, ಅಣುವಿನ ಕಂಪನವು ಸಮಮಿತಿಯನ್ನು ಕೆಡಿಸುವುದರಿಂದ ಮಾತ್ರ ಕಾಣಿಸಿಕೊಳ್ಳುತ್ತದೆ. ಕಂಪನವನ್ನು ಬಿಟ್ಟ ಲೆಕ್ಕದಲ್ಲಿ ಆ ಕಡ್ಡಿಯ ಎತ್ತರ ಸೊನ್ನೆ, ಮತ್ತು ಸೊನ್ನೆಯನ್ನು ಎಷ್ಟು ಅಗಲಿಸಿದರೂ ಸೊನ್ನೆಯೇ. ಅಗಲೀಕರಣದಿಂದ ತುಂಬಲಾಗದ ಕೊರತೆಗಳೂ ಇವೆಯೆಂಬ ಎಚ್ಚರವನ್ನು ಈ ಉದಾಹರಣೆ ಕೊಡುತ್ತದೆ. ಶಕ್ತಿ ಏರಿದಂತೆ ಅಗಲವೂ ಏರಲೇಬೇಕೆಂಬ ಕುರುಡು ನಿಯಮವೂ ಸಲ್ಲದು ಎಂಬುದಕ್ಕೆ ನೀಲಿ ಬಣ್ಣದ ಅಜುಲೀನ್ ನಿದರ್ಶನ: ಅದರ ಮೊದಲ ಉದ್ರಿಕ್ತ ಸ್ಥಿತಿ ಒಂದೆರಡು ಪಿಕೊಸೆಕೆಂಡುಗಳಲ್ಲಿ ಅಳಿದರೆ, ಅದರ ಮೇಲಿನ ಎರಡನೆಯ ಸ್ಥಿತಿ ನ್ಯಾನೊಸೆಕೆಂಡಿನ ಆಸುಪಾಸಿನಷ್ಟು ಬಾಳಿ ಬೆಳಕನ್ನೂ ಸೂಸುತ್ತದೆ. ಆದ್ದರಿಂದ ಶಕ್ತ್ಯವಲಂಬಿ ಅಗಲೀಕರಣವೆಂದರೆ ಏರುವ ಗೆರೆಯೊಂದನ್ನು ಎಳೆದುಕೊಳ್ಳುವುದೆಂದು ತಿಳಿಯಬಾರದು; ಪ್ರತಿ ಸ್ಥಿತಿಯೂ ಅಳಿಯುವ ಬಗೆಯನ್ನು ವಿಚಾರಿಸಿ ಅದಕ್ಕೆ ತಕ್ಕ ಅಗಲವನ್ನು ಕೊಡುವುದೇ ಅದರ ಅರ್ಥ.

ಇನ್ನು ಪ್ರಾಮಾಣಿಕತೆಯ ಹೆಸರಿನ ಆಕ್ಷೇಪ. ಸ್ವತಂತ್ರವಾಗಿ ತಿದ್ದಬಹುದಾದ ಅಗಲದಿಂದ ತಪ್ಪು ಲೆಕ್ಕವನ್ನೂ ಸರಿಯೆಂದು ತೋರಿಸಬಹುದು ಎಂಬ ಮಾತು ನಿಜ. ಆದರೆ ಸ್ಥಿರ ಅಗಲದಿಂದಲೂ ಅದು ಸಾಧ್ಯ, ಮತ್ತು ಹಾಗೆ ನಡೆಯುತ್ತಲೂ ಇದೆ. ಸಿಲಿಕಾನಿನ 3.4 ಎಲೆಕ್ಟ್ರಾನ್ ವೋಲ್ಟಿನ ಶಿಖರದ ಎತ್ತರವು ಎಲೆಕ್ಟ್ರಾನ್ ಮತ್ತು ರಂಧ್ರಗಳ ನಡುವಿನ ಸೆಳೆತವನ್ನು ಲೆಕ್ಕಕ್ಕೆ ಸೇರಿಸಿದಾಗ ಮಾತ್ರ ಸರಿಯಾಗಿ ಬರುತ್ತದೆ ಎಂಬುದು ಸಿದ್ಧಾಂತದ ಒಂದು ಮುಖ್ಯ ಗೆಲುವು. ಅದೇ ಶಿಖರದ ಎತ್ತರವು ಆಯ್ದುಕೊಂಡ ಅಗಲದೊಂದಿಗೂ ಏರಿಳಿಯುತ್ತದೆ. ಪ್ರಯೋಗದ ವಕ್ರರೇಖೆಯನ್ನು ಪಕ್ಕದಲ್ಲಿಟ್ಟುಕೊಂಡು, ಕಣ್ಣಿಗೆ ಒಪ್ಪುವವರೆಗೆ ಆ ಒಂದು ಸಂಖ್ಯೆಯನ್ನು ತಿದ್ದುವವರು ಸಿದ್ಧಾಂತದ ದೋಷವನ್ನೂ ಅಗಲದ ದೋಷವನ್ನೂ ಬೆರೆಸಿ, ಯಾವುದು ಯಾವುದೆಂದು ತಿಳಿಯದಂತೆ ಮಾಡುತ್ತಾರೆ. ಸಂಖ್ಯೆ ಒಂದೇ ಎಂಬ ಕಾರಣಕ್ಕೆ ಕೈವಾಡವು ಪ್ರಾಮಾಣಿಕವಾಗುವುದಿಲ್ಲ. ಪ್ರಾಮಾಣಿಕತೆಯನ್ನು ನಿರ್ಧರಿಸುವುದು ನಿಯಮವನ್ನು ಯಾವಾಗ, ಯಾವ ಆಧಾರದ ಮೇಲೆ ಗೊತ್ತುಮಾಡಲಾಯಿತು ಎಂಬ ಪ್ರಶ್ನೆ. ಮಾರಿನಿ 2008ರಲ್ಲಿ ತೋರಿಸಿದ ದಾರಿಯಲ್ಲಿ, ಎಲೆಕ್ಟ್ರಾನು ಮತ್ತು ಫೋನಾನುಗಳ ಸಂಬಂಧವನ್ನೇ ಲೆಕ್ಕಹಾಕಿ ಸಿಲಿಕಾನ್ ಮತ್ತು ಬೋರಾನ್ ನೈಟ್ರೈಡ್‌ಗಳ ಎಕ್ಸಿಟಾನುಗಳಿಗೆ ತಾಪಕ್ಕೆ ತಕ್ಕ ಅಗಲಗಳನ್ನು ಪಡೆದಾಗ, ಕೈಯಿಂದ ತಿದ್ದುವ ಸಂಖ್ಯೆ ಒಂದೂ ಉಳಿಯುವುದಿಲ್ಲ. ಶಕ್ತಿಯೊಂದಿಗೆ ಬದಲಾಗುವ ಅಗಲವು ಹೀಗೆ ಸ್ಥಿರ ಅಗಲಕ್ಕಿಂತ ಕಡಿಮೆ ಸ್ವಾತಂತ್ರ್ಯವುಳ್ಳದ್ದಾಗಿರಬಲ್ಲದು.

ಆದರೂ ಶಕ್ತ್ಯವಲಂಬಿ ಅಗಲೀಕರಣದ ಹೆಸರಿನಲ್ಲಿ ನಡೆಯುವ ಎಲ್ಲವನ್ನೂ ಸಮರ್ಥಿಸಲಾಗದು. ಅಗಲವು ಸಂಕ್ರಮಣದ ಶಕ್ತಿಯನ್ನು ಅವಲಂಬಿಸುವುದೂ, ಅಳೆಯುವ ಬೆಳಕಿನ ಶಕ್ತಿಯನ್ನು ಅವಲಂಬಿಸುವುದೂ ಒಂದೇ ಅಲ್ಲ. ಮೊದಲನೆಯದರಲ್ಲಿ ಪ್ರತಿ ಕಡ್ಡಿಯೂ ತನ್ನ ವಿಸ್ತೀರ್ಣವನ್ನು ಉಳಿಸಿಕೊಂಡು ತನ್ನದೇ ಅಗಲದಲ್ಲಿ ಹರಡುತ್ತದೆ. ಎರಡನೆಯದರಲ್ಲಿ ದಿಬ್ಬದ ಎಡಬಲಗಳು ಬೇರೆಬೇರೆ ಅಗಲಗಳನ್ನು ಪಡೆದು, ವಿಸ್ತೀರ್ಣವು ಮೂಲದಷ್ಟೇ ಉಳಿಯುವ ಭರವಸೆ ಇರುವುದಿಲ್ಲ. ಒಟ್ಟು ಹೀರಿಕೆಯು ಎಲೆಕ್ಟ್ರಾನುಗಳ ಸಂಖ್ಯೆಯಿಂದ ನಿರ್ಧಾರವಾಗಬೇಕೆಂಬ ಸಂಕಲನ ನಿಯಮವೂ, 1926–27ರಲ್ಲಿ ಕ್ರೋನಿಗ್ ಮತ್ತು ಕ್ರೇಮರ್ಸ್ ಸ್ಥಾಪಿಸಿದ, ಹೀರಿಕೆ ಮತ್ತು ವಕ್ರೀಭವನಗಳನ್ನು ಬೆಸೆಯುವ ಸಂಬಂಧವೂ ಆಗ ಕೆಡುತ್ತವೆ. ಏಕೆಂದರೆ ಬೆಳಕಿನ ಶಕ್ತಿಯೊಂದಿಗೆ ಬದಲಾಗುವ ಅಗಲವು ತನ್ನೊಂದಿಗೆ ರೇಖೆಯ ಸ್ಥಾನಪಲ್ಲಟವನ್ನೂ ತರಲೇಬೇಕು, ಒಂದನ್ನು ಸೇರಿಸಿ ಇನ್ನೊಂದನ್ನು ಬಿಡುವಂತಿಲ್ಲ. ಕಿಮ್, ಗಾರ್ಲಂಡ್ ಮತ್ತು ಸಂಗಡಿಗರು 1992ರಲ್ಲಿ, ಶಿಖರದಿಂದ ದೂರ ಸರಿದಂತೆ ಅಗಲವನ್ನು ಕುಗ್ಗಿಸಿ ಲೊರೆಂಟ್ಸಿಯನ್ನಿನ ಸುಳ್ಳು ಬಾಲವನ್ನು ಕತ್ತರಿಸುವ ಉಪಯುಕ್ತ ಮಾದರಿಯೊಂದನ್ನು ಕೊಟ್ಟರು. ಜೆಲ್ಲಿಸನ್ ಮತ್ತು ಮೊಡೀನ್ 1996ರಲ್ಲಿ ನಿಷಿದ್ಧ ಅಂತರದ ಕೆಳಗೆ ಹೀರಿಕೆಯು ಕಟ್ಟುನಿಟ್ಟಾಗಿ ಸೊನ್ನೆಯಾಗಿದ್ದು, ಕ್ರೇಮರ್ಸ್–ಕ್ರೋನಿಗ್ ಸಂಬಂಧವನ್ನೂ ಪಾಲಿಸುವ ಮಾದರಿಯನ್ನು ರೂಪಿಸಿದರು. ಪ್ರಯೋಗದ ದತ್ತಾಂಶವನ್ನು ವರ್ಣಿಸುವವರು ಇಷ್ಟು ಎಚ್ಚರ ವಹಿಸುವಾಗ, ಮೂಲತತ್ತ್ವಗಳಿಂದ ಲೆಕ್ಕ ಹಾಕುತ್ತೇವೆನ್ನುವವರು ಕಡಿಮೆ ಎಚ್ಚರ ವಹಿಸುವುದು ಒಪ್ಪತಕ್ಕದ್ದಲ್ಲ.

ಇವುಗಳಿಂದ ಹೊರಡುವ ಕರ್ತವ್ಯಗಳು ಸರಳವಾಗಿವೆ. ಅಗಲಿಸದ ಕಡ್ಡಿಗಳನ್ನು, ಅಂದರೆ ಸಂಕ್ರಮಣಗಳ ಶಕ್ತಿ ಮತ್ತು ಬಲಗಳನ್ನು, ವಕ್ರರೇಖೆಯೊಂದಿಗೆ ತಪ್ಪದೆ ಪ್ರಕಟಿಸಬೇಕು. ಹಾಗಾದಾಗ ಯಾರಾದರೂ ಬೇರೆ ನಿಯಮದಿಂದ ಅಗಲಿಸಿ ನೋಡಬಹುದು. ಲೆಕ್ಕಕ್ಕೆ ಆಯ್ದ ಬಿಂದುಗಳ ಜಾಲರಿಯ ಒರಟುತನವನ್ನು ಮುಚ್ಚಲು ಬಳಸಿದ ಮಸುಕನ್ನೂ ವಸ್ತುವಿನ ಭೌತಿಕ ಅಗಲವನ್ನೂ ಬೇರೆಬೇರೆಯಾಗಿ ಹೇಳಬೇಕು, ಮತ್ತು ಮೊದಲನೆಯದನ್ನು ಜಾಲರಿ ಸೂಕ್ಷ್ಮವಾದಂತೆ ಇಲ್ಲವಾಗಿಸಬೇಕು. ಅಗಲದ ನಿಯಮವನ್ನು ಪ್ರಯೋಗದ ವಕ್ರರೇಖೆಯನ್ನು ನೋಡುವ ಮುನ್ನವೇ, ಜೀವಿತಾವಧಿಯ ಲೆಕ್ಕದಿಂದಲೋ ಸ್ವತಂತ್ರ ಅಳತೆಯಿಂದಲೋ ಗೊತ್ತುಮಾಡಬೇಕು. ಅದು ಸಾಧ್ಯವಾಗದಿದ್ದಲ್ಲಿ ಅಂಚಿನಲ್ಲಿ ಕಿರಿದಾಗಿ ಮೇಲೆ ಹಿಗ್ಗುವ ಸರಳ ನಿಯಮವೊಂದನ್ನು ಬಳಸಿ, ಅದನ್ನು ಊಹೆಯೆಂದೇ ಹೆಸರಿಸಿ, ಆ ಊಹೆ ಬದಲಾದರೆ ಯಾವ ತೀರ್ಮಾನಗಳು ಉಳಿಯುತ್ತವೆ, ಯಾವುವು ಬೀಳುತ್ತವೆ ಎಂಬುದನ್ನು ತೋರಿಸಬೇಕು. ಅಗಲವನ್ನು ಎರಡರಷ್ಟು ಹಿಗ್ಗಿಸಿದರೂ ಅರ್ಧಕ್ಕೆ ಕುಗ್ಗಿಸಿದರೂ ಉಳಿಯುವ ತೀರ್ಮಾನವಷ್ಟೇ ಸಂಕ್ರಮಣಗಳ ಲೆಕ್ಕಕ್ಕೆ ಸೇರಿದ್ದು. ಉಳಿದುದು ಅಗಲದ ಆಯ್ಕೆಗೆ ಸೇರಿದ್ದು, ಅದನ್ನು ಸಿದ್ಧಾಂತದ ಗೆಲುವೆಂದು ದಾಖಲಿಸುವ ಹಕ್ಕು ಯಾರಿಗೂ ಇಲ್ಲ.

ಸ್ಥಿರ ಅಗಲದ ಪದ್ಧತಿಯು ಗಣಕಗಳು ದುರ್ಬಲವಾಗಿದ್ದ ಕಾಲದಲ್ಲಿ, ಸಂಕ್ರಮಣಗಳ ಸ್ಥಾನವನ್ನು ಕಂಡುಕೊಳ್ಳುವುದೇ ದೊಡ್ಡ ಸಾಧನೆಯಾಗಿದ್ದಾಗ, ಕ್ಷಮ್ಯವಾಗಿತ್ತು. ಆದರೆ ಇಂದು, ಸಂಕ್ರಮಣದ ಶಕ್ತಿಯನ್ನು ಎಲೆಕ್ಟ್ರಾನ್ ವೋಲ್ಟಿನ ಹತ್ತನೆಯ ಒಂದು ಪಾಲಿನಷ್ಟು ನಿಖರವಾಗಿ ಹೇಳುವ ಗುರಿಯಿಟ್ಟುಕೊಂಡ ಸಿದ್ಧಾಂತವು, ಅಷ್ಟೇ ಪ್ರಮಾಣದ ಅಗಲವನ್ನು ಆಧಾರವಿಲ್ಲದೆ ಆರಿಸಿಕೊಳ್ಳುವುದು ತನ್ನ ನಿಖರತೆಯನ್ನು ತಾನೇ ಅಳಿಸಿಕೊಂಡಂತೆ. ಸ್ಥಾನ, ಬಲ ಮತ್ತು ಅಗಲ ಈ ಮೂರೂ ಸೇರಿದರೆ ಮಾತ್ರ ರೋಹಿತ. ಮೂರನೆಯದಕ್ಕೂ ಮೊದಲೆರಡಕ್ಕೆ ಕೇಳುವಷ್ಟೇ ಪುರಾವೆಯನ್ನು ಕೇಳುವುದು ಸಂಪಾದಕರ, ಪರಿಶೀಲಕರ ಮತ್ತು ಓದುಗರ ಹೊಣೆ.